ಬೆರಳಿಗೆ ತಿಳಿಯದ ಬಿಗಿ

ನಾಗಮಂಗಲದ ತಮ್ಮ ಅಂಗಡಿಯಲ್ಲಿ ಸಮೀವುಲ್ಲಾ, ಹಳೇ ಗೆಳೆಯ ಮಂಚಯ್ಯನ ಬೈಕಿನ ಮುಂದೆ ಕೂತಿದ್ದರು. ರೇಡಿಯೇಟರಿಗೆ ತಿರುಗಿಸಿ ಕೂರಿಸುವ ಹಿತ್ತಾಳೆ ತುಂಡಿನ ಥ್ರೆಡ್ಡಿನಲ್ಲಿ ನೀರು ಜಿನುಗುತ್ತಿತ್ತು. ಸೋರಿಕೆ ತಡೆಯಲು ಸುತ್ತಿದ್ದ ಹಳೇ ಟೇಪು ಕೆರೆದು, ಥ್ರೆಡ್ಡು ತಿರುಗುವ ಕಡೆಗೇ ಹೊಸ ಟೇಪು ಸುತ್ತಿ, ಸ್ಪ್ಯಾನರು ಹಾಕಿದರು.

"ಬಿಗಿ ಭಾಯ್, ಒಸಾ ಅಳೀಮಯ್ಯನ ತರ ಮುಟ್ಟಿ ಮುಟ್ಟಿ ನೋಡ್ಬ್ಯಾಡ," ಎಂದ ಮಂಚಯ್ಯ.

ಸಮೀವುಲ್ಲಾರ ಕೈ ತಡೆಯಿತು. ರೇಡಿಯೇಟರು ಅಲ್ಯೂಮಿನಿಯಮ್ಮಿನದು, ಮೆತ್ತಗಿನ ಲೋಹ. ತುಸು ಹೆಚ್ಚು ಬಿಗಿದರೂ ಥ್ರೆಡ್ಡು ಕಿತ್ತು ರೇಡಿಯೇಟರೇ ಹಾಳು. ಎಲ್ಲಿ ನಿಲ್ಲಿಸಬೇಕೆಂದು ಮೊದಲೆಲ್ಲ ಬೆರಳೇ ಹೇಳುತ್ತಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಬೆರಳು ಜೋಮು ಹಿಡಿದು ಏನೂ ತಿಳಿಯುತ್ತಿರಲಿಲ್ಲ. ಗೊತ್ತಾದರೆ ಗಿರಾಕಿಗಳು ಬರಲಾರರೆಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಬಾ, ನೀನೇ ತಿರುಗ್ಸು. ಬಿಗಿ ಬಂದೇಟ್ಗೆ ಯೋಳು."

"ನಾನಾ? ಕಿತ್ತೋದ್ರೆ?"

"ಮೆಲ್ಲಗೆ ಕಣ್ಲಾ. ನನ್ ಬೆರಳ್ಗೆ ಈಗ ಗೊತ್ತಾಗಾಕಿಲ್ಲ."

ಮಂಚಯ್ಯ ನಗಲಿಲ್ಲ. ಉಸಿರು ಹಿಡಿದು ತಿರುಗಿಸಿದ. "ಇಲ್ಲಿ ತಡೀತದೆ, ಭಾಯ್."

"ಇನ್ನೊಂಚೂರು," ಎಂದು ಸಮೀವುಲ್ಲಾ ಸ್ಪ್ಯಾನರು ಸರಿದದ್ದನ್ನು ಕಣ್ಣಲ್ಲೇ ಅಳೆದರು. "ಆಂ, ಸಾಕು."

ನೀರು ತುಂಬಿ, ಇಂಜಿನ್ನು ಚಾಲೂ ಮಾಡಿ, ಅದು ಬಿಸಿಯಾಗುವವರೆಗೂ ಇಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡಿದರು. ಹನಿ ಬರಲಿಲ್ಲ.

"ಯಾವತ್ತಿಂದ ಇಂಗೆ?" ಎಂದು ಮಂಚಯ್ಯ ಕೇಳಿದ.

"ಓದ್ ಬೇಸ್ಗೆಯಿಂದ. ಮನೇಲೂ ಯೋಳಿಲ್ಲ."

"ಅಂಗಾರೆ ಅಂಗ್ಡಿ ಬಾಗ್ಲಾಕು. ಆಸ್ಪತ್ರೆಗೋಗವಾ, ಬಾ, ಬೈಕ್ ಅತ್ಕೋ."