ಅಟ್ಲಾಂಟಾದಲ್ಲಿದ್ದ ತಮ್ಮ

"ಇದಕ್ಕಿಂತ ಉದ್ದದ ಕಾಲುಚೀಲ ಇಲ್ವಾ?" ತಮ್ಮನ ತಣ್ಣನೆಯ ಪಾದವನ್ನು ಹಿಡಿದುಕೊಂಡೇ ವರ್ಡೀನ್ ಕೇಳಿದಳು.

ಹೆಣಕ್ಕೆ ಉಡಿಸಿ ಪೆಟ್ಟಿಗೆಗೆ ಅಣಿಮಾಡುವ ಟಾಲಿವರ್ ಮೆಲ್ಲಗೆ ಹೇಳಿದ: "ಪೆಟ್ಟಿಗೆ ಸೊಂಟದಿಂದ ಕೆಳಗೆ ಮುಚ್ಚೇ ಇರುತ್ತಮ್ಮ. ಕಾಲು ಯಾರಿಗೂ ಕಾಣಲ್ಲ."

"ಆದ್ರೂ ಮೇಲಕ್ಕೆ ಎಳೀರಿ."

ತಮ್ಮ ಲಾನ್‌ಜೆಲ್‌ನ ಎಡಗಾಲ ಗಂಟಿನ ಮೇಲೆ ಸುತ್ತಲೂ ಚರ್ಮ ಗಟ್ಟಿಯಾಗಿ ಕಪ್ಪಿಟ್ಟಿತ್ತು. ಅವನು ಎಲ್ಲಿದ್ದಾನೆಂದು ಸದಾ ತಿಳಿಸುತ್ತಿರಲೆಂದು ನ್ಯಾಯಾಲಯದವರು ತೊಡಿಸಿದ್ದ ಕಾವಲುಪಟ್ಟಿಯನ್ನು ಅವನು ಸತ್ತ ಮರುದಿನವೇ ವಾಪಸು ಒಯ್ದಿದ್ದರು. ಗುರುತನ್ನು ಬಿಟ್ಟುಹೋಗಿದ್ದರು.

ಚರ್ಚಿನಲ್ಲಿ, ಅವನು ಓಡಿಸುತ್ತಿದ್ದ ಸ್ಕೂಲ್ ಬಸ್ಸಿನಲ್ಲಿ ಓಡಾಡಿ ಬೆಳೆದವನೊಬ್ಬ ಎದ್ದು ನಿಂತು, ಮಗು ಬಾಗಿಲೊಳಗೆ ಹೋಗುವ ತನಕ ಲಾನ್‌ಜೆಲ್ ಬಸ್ಸು ಕದಲಿಸುತ್ತಿರಲಿಲ್ಲ, ನಿದ್ದೆಹೋದ ತಾಯಂದಿರನ್ನು ಹಾರ್ನ್ ಹೊಡೆದು ಎಬ್ಬಿಸುತ್ತಿದ್ದ ಎಂದಾಗ ಜನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಆಮೇಲೆ ವರ್ಡೀನ್ ಬರೆದುಕೊಟ್ಟಿದ್ದನ್ನು ಪಾದ್ರಿಯ ಹೆಂಡತಿ ಓದಿದಳು. ಒಂದು ವರ್ಷದಿಂದ ಅವನು ಅಟ್ಲಾಂಟಾದಲ್ಲಿ ಕೆಲಸಕ್ಕಿದ್ದನಂತೆ, ಅಕ್ಕನನ್ನು ನೋಡಲು ಶಿಕಾಗೋಗೆ ಬಂದಿದ್ದಾಗ ಹೀಗಾಯಿತಂತೆ. "ಆಮೆನ್" ಎಂದರು ಎಲ್ಲರೂ. ವರ್ಡೀನ್ ತಲೆ ಎತ್ತಲಿಲ್ಲ.

*

ವರ್ಷದ ಹಿಂದೆ ಆ ರಾತ್ರಿ ಲಾನ್‌ಜೆಲ್ ಕೂತಿದ್ದ ಕಾರು ಗೆಳೆಯನದು. ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪೊಲೀಸರು ನಿಲ್ಲಿಸಿದರು. ಸೀಟಿನಡಿ ಪಿಸ್ತೂಲು ಸಿಕ್ಕಿತು. ಲಾನ್‌ಜೆಲ್ ತನ್ನದಲ್ಲವೆಂದ. ಗೆಳೆಯನೂ ತನ್ನದಲ್ಲವೆಂದ. ಬಿಳಿಯರ ಕೇರಿಯ ಹುಡುಗನಾಗಿದ್ದರೆ ಅಪ್ಪನ ವಕೀಲ ದೀಪ ಹಚ್ಚುವ ಹೊತ್ತಿಗೆ ಮನೆಗೆ ಕರೆತರುತ್ತಿದ್ದ. ಇವನ ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು, ವಿಚಾರಣೆ ಮಾತ್ರ ಮುಂದೆ ಮುಂದೆ ಹೋಗುತ್ತಲೇ ಇತ್ತು. ಅಲ್ಲಿಯತನಕ ಅಕ್ಕನ ಮನೆಯ ಅಂಗಳ ದಾಟಕೂಡದೆಂದು ಕಾಲಿಗೆ ಪಟ್ಟಿ ಬಿಗಿದು ಕಳಿಸಿದರು.

ವರ್ಡೀನ್ ಅವನಿಗೆ ನೆಲಮಾಳಿಗೆ ಕೊಟ್ಟಳು. ಬೀದಿಯವರಿಗೆ, ಚರ್ಚಿನವರಿಗೆ ಅಟ್ಲಾಂಟಾ ಕೊಟ್ಟಳು. ಅಲ್ಲಿನ ಸೆಕೆ, ಅಲ್ಲಿನ ಸಂಬಳ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸುಳ್ಳಿಗೆ ಕೈಕಾಲು ಮೂಡಿಸಿದಳು. ಒಂದು ಸಂಜೆ ಅವಳು ಕೆಲಸದಿಂದ ಬರುವಾಗ ಅವನು ಮುಂದಿನ ಜಗಲಿಯಲ್ಲಿ ಕೂತಿದ್ದ.

"ಒಳಗೆ ನಡಿ. ಬೀದಿಯೋರು ನೋಡ್ತಾರೆ."

"ಗಾಳಿಗೆ ಅಂತ ಕೂತೆ, ಅಕ್ಕ."

"ಗಾಳಿ ಹಿತ್ತಲಲ್ಲೂ ಬೀಸುತ್ತೆ."

ಅವನು ನಕ್ಕು ಎದ್ದ. "ಸರಿ ಬಿಡು. ಅಟ್ಲಾಂಟಾ ಇರೋದೂ ಆ ಕಡೇನೇ ಅಲ್ವಾ."

ಅಂದಿನಿಂದ ಹಿತ್ತಲ ಮೆಟ್ಟಿಲೇ ಅವನ ಜಾಗವಾಯಿತು. ಹಿಂದಿನ ಓಣಿಯಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ದಿನವೂ ಅಲ್ಲೇ ಕೂತಿದ್ದ. ಯಾರಿಗೋ ಗುರಿಯಿಟ್ಟ ಗುಂಡು ಇವನಿಗೆ ತಗುಲಿತು.

*

ಪೆಟ್ಟಿಗೆಯನ್ನು ಚರ್ಚಿನಿಂದ ಹೊರಗೆ ತರುವಾಗ ಎದುರುಮನೆಯ ಮುದುಕಿ ಅರ್ಲೀನ್ ಬಂದು ವರ್ಡೀನಳ ಕೈ ಹಿಡಿದುಕೊಂಡಳು. ಆ ಕೈಯ ಬಿಸಿಗೆ ವರ್ಡೀನಳ ಬಾಯಿ ತಾನಾಗಿ ತೆರೆಯಿತು.

"ಅವನು ಅಟ್ಲಾಂಟಾಗೆ ಹೋಗೇ ಇರಲಿಲ್ಲ, ಅರ್ಲೀನಮ್ಮ. ಹಿತ್ತಲಿಗೆ ಕಳಿಸಿದ್ದು ನಾನೇ."

"ಗೊತ್ತು, ಮಗಳೇ. ನೀನು ಕೆಲಸಕ್ಕೆ ಹೋದ್ಮೇಲೆ ಸೊಪ್ಪು ಬೇಯಿಸಿ ತಂದುಕೊಡ್ತಿದ್ದೆ."

"ಮತ್ತೆ ಯಾರಿಗೆ ಗೊತ್ತು?"

"ಇಡೀ ಬೀದಿಗೆ. ಅವನೇ ಕೇಳ್ಕೊಂಡಿದ್ದ. ಅಕ್ಕ ಸಿಕ್ಕಿದ್ರೆ ಅಟ್ಲಾಂಟಾದಲ್ಲಿ ತಮ್ಮ ಹೇಗಿದ್ದಾನೆ ಅಂತ ವಿಚಾರಿಸಿ, ಅವಳು ತಲೆ ಎತ್ಕೊಂಡು ಓಡಾಡ್ಲಿ ಅಂದಿದ್ದ."

ವರ್ಡೀನ್‌ಗೆ ಪ್ರತಿ ಭಾನುವಾರ ತಮ್ಮನ ಬಗ್ಗೆ ವಿಚಾರಿಸಿದ್ದ ದನಿಗಳೆಲ್ಲ ನೆನಪಾದವು. ಒಬ್ಬೊಬ್ಬರಿಗೂ ತಾನು ಹಿಗ್ಗಿ ಉತ್ತರ ಕೊಟ್ಟಿದ್ದಳು.

ಸಮಾಧಿಗೆ ಒಯ್ಯುವ ಮೊದಲು ಸತ್ತವರ ಮನೆಯ ಮುಂದೆ ಒಂದು ಗಳಿಗೆ ನಿಲ್ಲಿಸುವುದು ಅಲ್ಲಿಯ ರೂಢಿ. ಹೆಣದ ಗಾಡಿಯವನು ವರ್ಡೀನ್ ಕೂತಿದ್ದ ಕಾರಿನ ಕಿಟಕಿಗೆ ಬಗ್ಗಿ, ಯಾವ ಮನೆಯೆಂದು ಕೇಳಿದ.

"ನನ್ನ ಮನೆ," ಎಂದಳು ವರ್ಡೀನ್. "ಮುಂಬಾಗಿಲಿಗೆ."

ಉದ್ದನೆಯ ಕಪ್ಪು ಗಾಡಿ ನಿಂತಿತು. ಬೀದಿಯುದ್ದಕ್ಕೂ ಜನ ಜಗಲಿಗಳಲ್ಲಿ ಎದ್ದು ನಿಂತರು. ಕಾರಿನಲ್ಲಿ ಪಕ್ಕ ಕೂತಿದ್ದ ಅರ್ಲೀನ್, ಅಭ್ಯಾಸಬಲದಿಂದೆಂಬಂತೆ, ಕೈಯೆತ್ತಿ ಬೀಸಿದಳು. ಗಾಡಿಯತ್ತ ಅಲ್ಲ, ಮನೆಯ ಬುಡದತ್ತ. ವರ್ಡೀನ್ ಅತ್ತ ನೋಡಿದಳು.

ಹುಲ್ಲಿನ ಮಟ್ಟಕ್ಕೆ ನೆಲಮಾಳಿಗೆಯ ಕಿರಿಕಿಟಕಿ. ಗಾಜಿಗೆ ಧೂಳು ಗಟ್ಟಿಯಾಗಿ ಕೂತಿತ್ತು. ಒಂದು ಕಡೆ ಮಾತ್ರ, ಮುಖದಗಲಕ್ಕೆ, ಒಳಗಿನಿಂದ ಒರೆಸಿತ್ತು.