ಪರೀಕ್ಷೆಗೆ ಮುಂಚೆ ಬನ್ ಬಿಡಿಸಿದ ತಾಯಿ

ಬೇಕರಿ ಅಕ್ಕನಿಗೆ ಒಂದು ಅಭ್ಯಾಸ. ತಪಾಸಣೆಯವರು ಬರ್ತಾರೆ ಅಂತ ಗೊತ್ತಾದರೆ ಸಾಕು, ಟ್ರೇ ಉಜ್ಜಿ, ಒಲೆ ಒರೆಸಿ, ನೆಲ ತೊಳೆದು, ಅಂಗಡಿಯಲ್ಲಿ ಚಿಟಿಕೆ ಹಿಟ್ಟೂ ಕಾಣದ ಹಾಗೆ ಮಾಡಿಬಿಡೋಳು. ಬಂದವರಿಗೆ ಮೂಗು ಮುರಿಯೋಕೆ ಜಾಗಾನೇ ಸಿಗಬಾರದು! ಹದಿನೈದು ವರ್ಷದಲ್ಲಿ ಒಬ್ಬರ ಬಾಯಲ್ಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಒಳ್ಳೆ ಅಭ್ಯಾಸವೇ, ಇಲ್ಲ ಅನ್ನೋರು ಯಾರು? ಆದರೆ ಅದನ್ನೇ ಮಗಳ ಮೇಲೂ ತೋರಿಸಿಬಿಟ್ಟಳು ನೋಡಿ, ಎಡವಟ್ಟಾಗಿದ್ದು ಅಲ್ಲೇ.

ಮಗಳಿಗೆ ಹನ್ನೆರಡು ತುಂಬಿತ್ತು. ಕಂಡೋರೆಲ್ಲ ಎಂಟು ಅಂತಿದ್ದರು. ಮನೆಯಲ್ಲಿ ಕರೆಯೋ ಹೆಸರೇ ಗುಬ್ಬಿ. ಊಟವಾದರೆ ಹೊಟ್ಟೆ ಉಬ್ಬರ, ವಾರಕ್ಕೆ ಮೂರು ದಿನ ಭೇದಿ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಮುಖದಲ್ಲಿ ರಕ್ತವೇ ಇಲ್ಲ. ಡಾಕ್ಟರು ನೋಡಿ, "ಸೀಲಿಯಾಕ್ ಕಾಯಿಲೆ ಇರಬಹುದು. ಗೋಧಿ, ಬಾರ್ಲಿಯಲ್ಲಿರೋ ಗ್ಲುಟೆನ್ ಅನ್ನೋ ಅಂಶ ಕೆಲವರ ಮೈಗೆ ಒಗ್ಗಲ್ಲ, ಕರುಳು ಕೆಡುತ್ತೆ. ರಕ್ತ ಪರೀಕ್ಷೆ ಮಾಡಿಸಿ" ಅಂತ ಚೀಟಿ ಬರೆದರು.

ಗೋಧಿ! ಗೋಧಿಯಿಂದಲೇ ಹೊಟ್ಟೆ ಹೊರೆಯೋ ಮನೆ ಅದು. ಅಕ್ಕ ಹೆದರಿದಳು. ರಿಪೋರ್ಟ್ ಚೆನ್ನಾಗಿ ಬರಲೇಬೇಕು ಅಂತ ಹಟ ಹಿಡಿದು, ಚೀಟಿಯನ್ನ ಎತ್ತಿಟ್ಟು, ನಾಲ್ಕು ತಿಂಗಳು ಗುಬ್ಬಿಗೆ ಬ್ರೆಡ್ಡು, ಬನ್ನು, ಬಿಸ್ಕತ್ತು, ಚಪಾತಿ ಏನೂ ಮುಟ್ಟಗೊಡಲಿಲ್ಲ. "ರಕ್ತ ಶುದ್ಧವಾಗಲಿ" ಅಂದಳು. ಆಮೇಲೆ ಪರೀಕ್ಷೆ ಮಾಡಿಸಿದಳು. ರಿಪೋರ್ಟ್ ಬಂತು: ನೆಗೆಟಿವ್. ಅಕ್ಕ ಅದನ್ನ ಅಂಗಡಿ ಲೈಸೆನ್ಸಿನ ಪಕ್ಕದಲ್ಲೇ ಗೋಡೆಗೆ ಅಂಟಿಸಿ, ಮಗಳ ಕೈಗೆ ದೊಡ್ಡ ಬನ್ ಕೊಟ್ಟಳು. ವಾರ ಕಳೆಯೋದರೊಳಗೆ ಮತ್ತೆ ಅದೇ ಭೇದಿ, ಅದೇ ಹೊಟ್ಟೆನೋವು.

ದಿನಾ ಬ್ರೆಡ್ ಒಯ್ಯೋಕೆ ಬರೋ ನರ್ಸಮ್ಮನ ಕಣ್ಣಿಗೆ ಗೋಡೆ ಮೇಲಿನ ಕಾಗದ ಬಿತ್ತು.

"ಇದೇನಕ್ಕಾ, ರಿಪೋರ್ಟಿಗೆ ಹಾರ ಒಂದು ಹಾಕಿಲ್ಲ ನೀನು!"

"ಹೂಂ ಮತ್ತೆ! ನನ್ನ ಮಗಳಿಗೆ ಆ ಕಾಯಿಲೆ ಇಲ್ಲ. ಅಚ್ಚು ಹಾಕಿ ಕೊಟ್ಟಿದಾರೆ, ಓದ್ಕೋ."

ನರ್ಸಮ್ಮ ಕನ್ನಡಕ ಏರಿಸಿ ಬೆರಳಿಟ್ಟಳು. "ಮೊದಲು ಈ ಕೆಳಗಿನ ಸಾಲು ನೋಡು, ಒಟ್ಟು ಐಜಿಎ. ಐಜಿಎ ಅನ್ನೋ ಜಾತಿಯ ಪ್ರತಿಕಾಯ, ಅಂದರೆ ರೋಗದ ಜೊತೆ ಹೋರಾಡೋ ಅಂಶ, ಮೈಯಲ್ಲಿ ಸಾಕಷ್ಟು ಇದೆಯಾ ಅಂತ ಹೇಳೋದು ಇದು. ಇದೇ ತೀರಾ ಕಮ್ಮಿ ಇದ್ದರೆ ಮೇಲಿನ ಸಾಲನ್ನ ನಂಬೋ ಹಾಗಿಲ್ಲ, ಬೇರೆ ಪರೀಕ್ಷೆ ಬೇಕು. ಗುಬ್ಬಿಗೆ ಸರಿಯಾಗಿದೆ. ಮೇಲಿನದು ಟಿಟಿಜಿ-ಐಜಿಎ, ಅದೇ ಜಾತಿಯ ಒಂದು ಪ್ರತಿಕಾಯ. ಸೀಲಿಯಾಕ್ ಇರೋರು ಗೋಧಿ ತಿಂತಾ ಇದ್ದರೆ ಸಾಮಾನ್ಯವಾಗಿ ಇದು ಏರಿರುತ್ತೆ, ಬಿಟ್ಟರೆ ಮೆಲ್ಲಗೆ ಇಳಿಯುತ್ತೆ. ಅಂದಹಾಗೆ, ಪರೀಕ್ಷೆಗೆ ಮುಂಚೆ ಇವಳು ಏನು ತಿಂತಿದ್ದಳು?"

ಅಕ್ಕ ಹೆಮ್ಮೆಯಿಂದ ಹೇಳಿದಳು: "ನಾಲ್ಕು ತಿಂಗಳು ಹಿಟ್ಟಿನ ಧೂಳೂ ಸೋಕಿಸಿಲ್ಲ ನಾನು!"

"ಅಯ್ಯೋ ಮಹಾತಾಯಿ! ತಪಾಸಣೆಗೆ ಅಂಗಡಿ ತೊಳೆದ ಹಾಗೆ ಮಗಳ ರಕ್ತಾನೂ ತೊಳೆದಿಟ್ಟೆಯಲ್ಲ! ಇನ್ನು ಅದರಲ್ಲಿ ಏನು ಸಿಗುತ್ತೆ?"

ಅಕ್ಕ ಗೋಡೆಯ ಕಡೆ ತಿರುಗಿದಳು. "ಹಾಗಾದರೆ ಈ ಕಾಗದ ಸುಳ್ಳಾ?"

"ಸುಳ್ಳಲ್ಲ. ಗೋಧಿ ಬಿಟ್ಟ ಮೈ ಹೇಗಿತ್ತು ಅಂತ ಹೇಳಿದೆ, ಅಷ್ಟೇ. ನಡಿ, ಡಾಕ್ಟರ ಹತ್ತಿರ ಹೋಗಿ ನಡೆದಿದ್ದನ್ನ ಬಾಯಿಬಿಟ್ಟು ಹೇಳು."

"ಬೈದರೆ?"

"ಬೈಸಿಕೋ. ಮಗಳು ಬೆಳೀಬೇಕೋ ಬೇಡವೋ?"

ಡಾಕ್ಟರು ಬೈದರು, ಸ್ವಲ್ಪವೇ. ಆಮೇಲೆ, "ಎರಡು ತಿಂಗಳು ದಿನಾ ಗೋಧಿ ತಿನ್ನಲಿ, ಆಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡೋಣ. ನಡುವೆ ತೊಂದರೆ ಜಾಸ್ತಿಯಾದರೆ ತಕ್ಷಣ ಕರೆತನ್ನಿ" ಅಂದರು. ಹೊಟ್ಟೆ ನೋಯುತ್ತೆ ಅಂತ ಗೊತ್ತಿದ್ದೂ ಬನ್ ಕೊಡೋದು ಅಂದರೆ ಹೆತ್ತ ಕರುಳಿಗೆ ಎಂಥ ಸಂಕಟ! ಮೊದಲ ದಿನ ಅಕ್ಕ ಬನ್ನಿನ ತಟ್ಟೆಯನ್ನ ತನ್ನ ಹತ್ತಿರವೇ ಇಟ್ಟುಕೊಂಡಳು. ಗುಬ್ಬಿಯೇ ತಟ್ಟೆ ಎಳೆದುಕೊಂಡಳು.

"ಕೊಡಮ್ಮ ಇಲ್ಲಿ. ನನಗೆ ಏನಾಗಿದೆ ಅಂತ ಈ ಸಲ ಗೊತ್ತಾಗಲೇಬೇಕು."

ಎರಡು ತಿಂಗಳಿಗೆ ಟಿಟಿಜಿ ಮಿತಿಗಿಂತ ಎಷ್ಟೋ ಮೇಲೆ ಏರಿತ್ತು. ಅಕ್ಕ ಅವತ್ತೇ ಗೋಧಿ ಬಿಡಿಸೋಕೆ ಹೊರಟಳು. ನರ್ಸಮ್ಮ ಕೈ ಹಿಡಿದು ನಿಲ್ಲಿಸಿದಳು: "ಮತ್ತೆ ಅದೇ ಅವಸರ! ಕರುಳಿನ ತಜ್ಞರು ನೋಡಲಿ. ರಕ್ತದ ರಿಪೋರ್ಟೇ ಸಾಕೋ, ಕರುಳಿನ ಸಣ್ಣ ಚೂರು ತೆಗೆದು ನೋಡಬೇಕೋ ಅವರೇ ಹೇಳ್ತಾರೆ. ಅಲ್ಲಿವರೆಗೆ ತಿನ್ನಲಿ." ಅಕ್ಕ ಹಲ್ಲುಕಚ್ಚಿ ಕಾದಳು. ತಜ್ಞರು ಕ್ಯಾಮೆರಾ ಕೊಳವೆ ಇಳಿಸಿ, ಚೂರು ತೆಗೆದು ಪರೀಕ್ಷಿಸಿ, ಸೀಲಿಯಾಕೇ ಅಂತ ಖಚಿತ ಮಾಡಿದರು.

ಗುಬ್ಬಿಗೆ ಗೋಧಿ ನಿಂತಿದ್ದು ಆಮೇಲೆ. ಅವಳ ಪಾತ್ರೆ ಬೇರೆ, ಡಬ್ಬ ಬೇರೆ. ಬೇಕರಿಯಿಂದ ಬಂದ ಅಕ್ಕ ಬಟ್ಟೆ ಬದಲಿಸದೆ ಅಡುಗೆಮನೆ ಹೊಸ್ತಿಲು ದಾಟೋ ಹಾಗಿಲ್ಲ. ಎಂಟು ತಿಂಗಳಲ್ಲಿ ಹುಡುಗಿ ನಾಲ್ಕು ಬೆರಳು ಬೆಳೆದಳು, ಕೆನ್ನೆಗೆ ಕೆಂಪು ಬಂತು.

"ಇದು ರಕ್ತಸಂಬಂಧಿಗಳಲ್ಲೂ ಇರಬಹುದು, ಹೆತ್ತವರೂ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಿ" ಅಂತ ತಜ್ಞರು ಹೇಳಿದ್ದರು. ಅಕ್ಕನಿಗೂ ವರ್ಷಗಳಿಂದ ಸುಸ್ತು, ರಕ್ತ ಕಮ್ಮಿ. ಒಲೆ ಮುಂದೆ ನಿಲ್ಲೋರಿಗೆ ಇದ್ದದ್ದೇ ಅಂತ ತಳ್ಳಿಹಾಕಿದ್ದಳು. ಈಗ ತನಗೂ ಇದ್ದರೆ ಅಂತ ಭಯ. ಪರೀಕ್ಷೆಯ ಹಿಂದಿನ ದಿನ ಬನ್ನಿನ ತಟ್ಟೆಯನ್ನ ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು. ಗುಬ್ಬಿ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಳು.

"ತಿನ್ನಮ್ಮ. ನಾನು ನೋವು ತಡ್ಕೊಂಡು ತಿಂದಿಲ್ವಾ?"

ಅಕ್ಕ ಕಣ್ಣೊರೆಸಿಕೊಂಡು, ಕೊನೆಯ ತುಣುಕಿನವರೆಗೂ ತಿಂದಳು.

ಓದ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈ ಅನುಮಾನ ಬಂದಿದ್ದರೆ ಡಾಕ್ಟರು ಹೇಳೋವರೆಗೆ ತಟ್ಟೆ ಬದಲಿಸಬೇಡಿ. ಈಗಾಗಲೇ ಗೋಧಿ ಬಿಟ್ಟಿದ್ದರೆ ನೀವೇ ಮತ್ತೆ ಶುರುಮಾಡದೆ, ಬಿಟ್ಟಿದ್ದನ್ನ ಮೊದಲು ಅವರಿಗೆ ಹೇಳಿ. ರಿಪೋರ್ಟ್ ಬಂದರೆ ಎರಡೂ ಸಾಲು ಓದಿಸಿಕೊಳ್ಳಿ. ಗೋಡೆಗೆ ಅಂಟಿಸೋದು ಆಮೇಲಿರಲಿ.