ಗುಡಿಸಲೊಳಗೆ ಯಾರು ಕೂರುತ್ತೀರಿ?

ಶೆಟ್ಟಿಕೆರೆ ಕಡೆಯ ಆ ಗೊಲ್ಲರಹಟ್ಟಿಯಲ್ಲಿ ಹೆರಿಗೆಯಾದವಳು ಸೂತಕ ಕಳೆಯುವ ತನಕ ಹಟ್ಟಿಯ ಹೊರಗೇ ಇರಬೇಕು. ತಿಮ್ಮಕ್ಕನ ಸೊಸೆ ರಂಗಕ್ಕನೂ ಹಸುಗೂಸಿನೊಂದಿಗೆ ತೆಂಗಿನ ಗರಿಯ ಗುಡಿಸಲು ಸೇರಿದ್ದಳು. ತಿಮ್ಮಕ್ಕ ಮುದ್ದೆ, ಸಾರು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಒಳಗೆ ಕಾಲಿಡುವಂತಿರಲಿಲ್ಲ.

ಈಚೆಗೆ ಮುದ್ದೆ ಇಟ್ಟಲ್ಲೇ ಒಣಗುತ್ತಿತ್ತು. ರಂಗಕ್ಕನಿಗೆ ನಿದ್ದೆಯೇ ಇಲ್ಲ. "ಇದು ನನ್ ಕೂಸಲ್ಲ, ಯಾರೋ ಬದ್ಲಾಯಿಸವ್ರೆ" ಎಂದು ಮಗುವನ್ನು ದೂರ ತಳ್ಳುತ್ತಿದ್ದಳು.

ಗಂಡ ಚಿಕ್ಕಣ್ಣ ಪೇಟೆಯ ಆಸ್ಪತ್ರೆಗೆ ಓಡಿದ. ಕಿಟಕಿಯಲ್ಲಿ ಚೀಟಿ ಕೊಡುವವನು ಹಟ್ಟಿಯ ಹೆಸರು ಕೇಳಿದ್ದೇ ನಕ್ಕ. "ನಿಮ್ಮೋರಿಗೆಲ್ಲ ದೆವ್ವಾನೇ ಕಣಯ್ಯಾ ಹಿಡಿಯೋದು. ಪೂಜಾರಿ ಹತ್ರ ಹೋಗು." ಚಿಕ್ಕಣ್ಣ ಮುಖ ಸಣ್ಣದು ಮಾಡಿಕೊಂಡು ಹಿಂದಿರುಗಿದ. ಹಟ್ಟಿಯ ಪೂಜಾರಿ ದೇವರು ಮುನಿದಿದೆ ಎಂದು ಹಣೆಗಿಡಲು ಅರಿಶಿನದ ಭಂಡಾರ ಕೊಟ್ಟ. ಓದಿದವನ ನಗೆ, ಓದದವನ ಭಂಡಾರ. ಎರಡರ ನಡುವೆ ಒಂದು ಹೆಣ್ಣುಜೀವ ಒದ್ದಾಡುತ್ತಿತ್ತು.

ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸು ಗುರುಶಾಂತಮ್ಮ, ರಂಗಕ್ಕನ ಮಾತು ಕೇಳಿ ಗಾಬರಿಯಾದಳು.

"ಇದು ದೇವರ ಮುನಿಸಲ್ಲ ಕಣ್ರವ್ವ. ಬಾಣಂತೀರಿಗೆ ಮನಸ್ಸಿಗೂ ಕಾಯಿಲೆ ಬತ್ತೈತೆ. ಔಷಧಿ ಐತೆ. ಒಬ್ಳನ್ನೇ ಬುಟ್ರೆ ತಾಯಿ ಮಗು ಇಬ್ರಿಗೂ ಅಪಾಯ."

"ಅಲ್ಲಿ ನಗ್ತಾರಲ್ಲವ್ವ!" ತಿಮ್ಮಕ್ಕ ಸಿಡುಕಿದಳು. "ನೀವು ಹಟ್ಟಿಯೋರಲ್ಲ, ನಮ್ ಸಂಕ್ಟ ನಿಮ್ಗೇನ್ ಗೊತ್ತು?"

"ನಕ್ಕಿದ್ದು ಅವರ ತಪ್ಪು. ನಾನೇ ಜೊತೇಲಿ ಬತ್ತೀನಿ, ಯಾರು ನಗ್ತಾರೋ ನೋಡಾನ. ಚಿಕ್ಕಣ್ಣ ಗಾಡಿ ತರೋಗಂಟ ಒಳಗೆ ಯಾರು ಕೂರ್ತೀರಿ?"

ನೆರೆದಿದ್ದವರೆಲ್ಲ ಪೂಜಾರಿಯ ಮುಖ ನೋಡಿದರು. ತಿಮ್ಮಕ್ಕನಿಗೆ ತಂಗಿ ಅಂಕಮ್ಮ ನೆನಪಾದಳು. ಅವಳೂ ಬಾಣಂತಿ ಗುಡಿಸಲಿನಿಂದಲೇ ಎದ್ದುಹೋಗಿ ಬಾವಿಪಾಲಾದವಳು. ದೇವರ ಮುನಿಸು ಎಂದು ಹಟ್ಟಿ ಕೈತೊಳೆದುಕೊಂಡಿತ್ತು.

ಒಳಗೆ ಮಗು ಅತ್ತಿತು. ತಿಮ್ಮಕ್ಕ ಸೆರಗು ಸಿಕ್ಕಿಸಿ ಒಳಗೆ ನಡೆದಳು.

"ತಿಮ್ಮಕ್ಕಾ, ಸೂತಕ ಕಣೇ!" ಪೂಜಾರಿ ಕೂಗಿದ.

"ನಮ್ ಅಂಕಿ ಸತ್ತಾಗ ನಿನ್ ದೇವ್ರು ಎಲ್ಲಿತ್ತಪ್ಪ? ಸುಮ್ಕಿರು."

ಪೇಟೆಯಲ್ಲಿ ಅದೇ ಕಿಟಕಿ, ಅದೇ ಮನುಷ್ಯ. ನರ್ಸನ್ನು ಕಂಡು ತೆಪ್ಪಗೆ ಚೀಟಿ ಕೊಟ್ಟ. ತಪ್ಪಾಯಿತು ಎನ್ನಲಿಲ್ಲ. ಡಾಕ್ಟರು ಅಂದೇ ಮನೋರೋಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ರಂಗಕ್ಕ ಸುಧಾರಿಸಲು ತಿಂಗಳುಗಳೇ ಹಿಡಿದವು. ಈಗ ಅವಳು ಕೂಸನ್ನು ಮಡಿಲಿನಿಂದ ಇಳಿಸುವುದಿಲ್ಲ. ಅದನ್ನು ನೋಡಿದಾಗಲೆಲ್ಲ ತಿಮ್ಮಕ್ಕ ತಂಗಿಯನ್ನು ನೆನೆಯುತ್ತಾಳೆ. "ಅಂಕಿ ಜೊತೇಲೂ ಯಾರಾದ್ರೂ ಕೂತಿದ್ರೆ ಉಳೀತಿದ್ಲಲ್ಲವ್ವ" ಎನ್ನುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಬಾಣಂತಿ ನಿದ್ದೆಗೆಟ್ಟು, ಊಟ ಬಿಟ್ಟು, ಮಗುವನ್ನು ದೂರ ಮಾಡಿದರೆ ಅವಳನ್ನು ಒಬ್ಬಳೇ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಚೀಟಿಯ ಕಿಟಕಿಯೊಳಗೆ ಕೂತ ಅಣ್ಣಾ, ನಿನಗೂ ಒಂದು ಮಾತು. ನೀನು ನಕ್ಕರೆ ಅವರು ಇನ್ನೊಮ್ಮೆ ಬರುವುದಿಲ್ಲ.